ಕೊನೆಯ ಪುಟದ ಬೀದಿ

“ಅತ್ತಿಗೆ, ಸ್ವಲ್ಪ ಏಳಿ, ಪ್ರಕಾಶಕರು ಬಂದ್ರು,” ಎಂದು ಮೈದುನ ಪೊಲೀಸಮ್ಮನನ್ನು ಎಬ್ಬಿಸಿ, ಅಣ್ಣನ ಶವಪೆಟ್ಟಿಗೆಯ ಪಕ್ಕದ ಕುರ್ಚಿಯನ್ನು ಬಂದವರಿಗೆ ಕೊಟ್ಟ. ಪೊಲೀಸಮ್ಮ ಜನ್ಮದಲ್ಲಿ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ. ಅದು ಗಂಡ ತಮಾಷೆಗೆ ಇಟ್ಟ ಹೆಸರು.

ಗಂಡ ಖಾಲಿ ಬೀದಿಗಳ ಫೋಟೋಗ್ರಾಫರ್. ಎಲೆ ಉದುರಲಿ, ಹಿಮ ಬೀಳಲಿ, ಬಿಸಿಲು ಸುಡಲಿ, ಯಾವ ಊರಿಗೆ ಹೋದರೂ ಅವನ ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ.

“ಏನು ತಾಳ್ಮೆ ಅವರದು! ಬೀದಿ ತಾನಾಗೇ ಖಾಲಿ ಆಗೋವರೆಗೂ ಅಲ್ಲಾಡದೆ ಕೂತಿರ್ತಿದ್ರಂತೆ,” ಎಂದರು ಪ್ರಕಾಶಕರು.

“ಹೂಂ, ಅಣ್ಣನೇ ಹೇಳ್ತಿದ್ದ,” ಎಂದ ಮೈದುನ.

ತಾಳ್ಮೆಯಂತೆ ತಾಳ್ಮೆ! ಪೊಲೀಸಮ್ಮನಿಗೆ ಮೈ ಉರಿಯಿತು. ಕಾಫಿ ಆರುವವರೆಗೂ ಕಾಯಲಾರದ ಆಸಾಮಿ ಅವನು. ಬೀದಿ ಖಾಲಿಯಾಗುತ್ತಿದ್ದುದು ಅವಳು ತಿರುವಿನಲ್ಲಿ ನಿಂತು ಕೈ ಅಡ್ಡ ಹಿಡಿಯುತ್ತಿದ್ದುದರಿಂದ. ಸೈಕಲ್ಲಿನವರು, ಶಾಲೆಯ ಮಕ್ಕಳು, ನಾಯಿ ಹಿಡಿದ ಮುದುಕರು, ಎಲ್ಲರಿಗೂ “ಒಂದೇ ನಿಮಿಷ” ಎಂದು ಹಲ್ಲುಗಿಂಜಿ, ಬಾಯಿಗೆ ಬಂದ ಹಾಗೆ ಬೈಸಿಕೊಂಡು ನಿಲ್ಲುತ್ತಿದ್ದಳು. ಇರಲಿ, ಅವನ ಚಿತ್ರಗಳ ಪುಸ್ತಕ ಬರುತ್ತದಲ್ಲ, ಅದೇ ಎಲ್ಲರಿಗೂ ಹೇಳುತ್ತದೆ ಎಂದುಕೊಂಡಳು.

*

ಹೋದ ಚಳಿಗಾಲ, ಯಾವುದೋ ಊರಿನ ಬೀದಿ. ರಾತ್ರಿಯಿಡೀ ಹಿಮ ಬಿದ್ದಿತ್ತು. ವ್ಯಾನಿನವನೊಬ್ಬ ಅವಳ ಮುಖಕ್ಕೇ ಉಗಿಯುವ ಹಾಗೆ ಬೈದು, ವ್ಯಾನನ್ನು ಹಿಂದಕ್ಕೆ ತಿರುಗಿಸಿಕೊಂಡು ಹೋದ ಮೇಲೆ ಅವಳಿಗೂ ಸಾಕಾಯಿತು.

“ನಾನೇನು ನಿಮ್ಮ ಬೀದಿಗೆ ಹಾಕಿದ ಬೇಲೀನಾ? ಇಷ್ಟು ವರ್ಷದಲ್ಲಿ ಒಂದು ಫೋಟೋದಲ್ಲಾದ್ರೂ ನಾನು ಬೇಡ್ವಾ?”

ಅವನು ಕ್ಯಾಮೆರಾದಿಂದ ತಲೆ ಎತ್ತಿದ. “ಬಾರೇ ಪೊಲೀಸಮ್ಮ, ಬೀದಿ ಮಧ್ಯೆ ಬಂದು ನಿಂತ್ಕೋ. ಪುಸ್ತಕದ ಕೊನೇ ಚಿತ್ರ ನಿಂದೇ.”

“ನಿಜವಾಗ್ಲೂ?”

“ನಿನ್ನಾಣೆ ಕಣೇ.”

ಕೆದರಿದ ಕೂದಲನ್ನು ಅವಸರದಲ್ಲಿ ಸರಿ ಮಾಡಿಕೊಂಡು, ಕೆಂಪು ಶಾಲು ಹೊದ್ದು ನಿಂತಳು. ನಗಬೇಕೋ ಬೇಡವೋ ಗೊತ್ತಾಗದೆ ಅರ್ಧ ನಕ್ಕಳು. ವಾಪಸು ಬರುವಾಗ ಅವನು ಅವಳ ಕೈಯನ್ನು ತನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡಿದ್ದ. ಆ ಸುಖಕ್ಕೆ ಅವಳು ಹಿಂದಿನದನ್ನೆಲ್ಲ ಮನ್ನಿಸಿಬಿಟ್ಟಿದ್ದಳು.

*

ಪ್ರಕಾಶಕರು ಚೀಲದಿಂದ ಪುಸ್ತಕದ ಮೊದಲ ಪ್ರತಿ ತೆಗೆದರು. “ಇನ್ನೆರಡು ದಿನ ಇದ್ದಿದ್ರೆ ಅವರೇ ನೋಡ್ತಿದ್ರು. ತಗೊಳ್ಳಿ ತಾಯಿ.”

ಪೊಲೀಸಮ್ಮ ನೇರ ಕೊನೆಯ ಪುಟಕ್ಕೇ ಹೋದಳು. ಬೀದಿ ಅದೇ, ಹಿಮ ಅದೇ. ಒಮ್ಮೆ ಕನ್ನಡಕ ಒರೆಸಿಕೊಂಡಳು.

“ಇದರಲ್ಲಿ ನಾನಿದ್ದೆ.”

“ಅಯ್ಯೋ, ಅದು ನೀವಾ?” ಪ್ರಕಾಶಕರ ಮುಖ ಸಪ್ಪಗಾಯಿತು. “ಯಾರೋ ದಾರಿಹೋಕರು, ಅಡ್ಡ ಬಂದಿದ್ದಾರೆ ಅಂದ್ರು ನಿಮ್ಮ ಯಜಮಾನ್ರು. ನಮ್ಮ ಆಫೀಸಿನ ಹುಡುಗಿ ಪಕ್ಕದಲ್ಲೇ ಕೂತು ಕಂಪ್ಯೂಟರಲ್ಲಿ ಅವಳ ಕೈಲಿ ಅಳಿಸಿ ಹಾಕಿಸಿದ್ರು. ಹೆಜ್ಜೆಗುರುತೂ ತೆಗೆಯೋಣ್ವಾ ಅಂತ ಕೇಳಿದ್ಳು. ಬೇಡ, ಅದು ಚೆನ್ನಾಗಿದೆ, ಇರ್ಲಿ ಅಂದ್ರು.”

ದಾರಿಹೋಕರು! ಆಣೆಯಿಟ್ಟ ಬಾಯಲ್ಲೇ ಹಾಗೆಂದನಲ್ಲ! ಕತ್ತಿನ ಪಟ್ಟಿ ಹಿಡಿದು ಕೇಳೋಣವೆಂದರೆ ಮೋಸಗಾರ ಕಣ್ಣು ಮುಚ್ಚಿ, ಏನೂ ಅರಿಯದವನ ಹಾಗೆ ಪೆಟ್ಟಿಗೆಯಲ್ಲಿ ಮಲಗಿದ್ದ.

“ಅಳಿಸೋದಾದ್ರೆ ಪೂರ್ತಿ ಅಳಿಸ್ಬೇಕಿತ್ತು ಕಣ್ರೀ,” ಎಂದಳು ಅವನಿಗೇ, ಎಲ್ಲರಿಗೂ ಕೇಳುವ ಹಾಗೆ.

ಆಗಷ್ಟೇ ಒಳಗಿನಿಂದ ಬಂದ ಮೈದುನ ಏನೂ ತಿಳಿಯದೆ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. “ಆಹಾ, ಎಂಥಾ ಕಲ್ಪನೆ ನೋಡಿ ಅಣ್ಣಂದು!”

ಪುಟದಲ್ಲಿ ಹೆಂಗಸಿನ ಚಪ್ಪಟೆ ಬೂಟಿನ ಹೆಜ್ಜೆಗಳು ತಿರುವಿನಿಂದ ಹೊರಟು ಬೀದಿಯ ಮಧ್ಯದವರೆಗೆ ಬಂದಿದ್ದವು. ಅಲ್ಲಿ ಎರಡು ಪಾದಗಳು ಜೋಡಿಯಾಗಿ, ಕ್ಯಾಮೆರಾದ ಕಡೆ ಮುಖ ಮಾಡಿ ನಿಂತಿದ್ದವು. ಆಚೆಗೆಲ್ಲ ಯಾರೂ ತುಳಿಯದ ಹಿಮ.