ಸರೋವರಕ್ಕೆ ತಕ್ಕ ಪೆಟ್ಟಿಗೆ

ಉಲೆಮು ಹುಟ್ಟಿ ಬೆಳೆದದ್ದು ಲಿಕೋಮಾ ದ್ವೀಪದಲ್ಲಿ, ಸರೋವರದ ದಂಡೆಯ ಮನೆಯಲ್ಲಿ. ಮದುವೆಯಾಗಿ ಮ್ಜೂಜುವಿನ ಗುಡ್ಡಕ್ಕೆ ಬಂದಮೇಲೆ ಸಂಜೆಯಾದರೆ ಸಾಕು, ಅಲೆಗಳ ಸದ್ದಿಲ್ಲದೆ, ಯಾರೋ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದುಹೋದಂತೆ ಅವಳಿಗೆ ಅನ್ನಿಸುತ್ತಿತ್ತು. ಊರಲ್ಲಿದ್ದ ತಮ್ಮ ಲಿಂಬಾನಿ ಒಂದಿಡೀ ಸಂಜೆ ಅಲೆಗಳ ವಿಡಿಯೋ ಮಾಡಿ, ಮೆಮೊರಿ ಕಾರ್ಡನ್ನು ದೋಣಿಯವರ ಕೈಲಿ ಕಳಿಸಿಕೊಟ್ಟ.

ಗಂಡ ಖುಂಬೋ ಸೋಲಾರ್ ಕೂರಿಸುವ ಕೆಲಸದವನು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಟಿವಿಗೆ ಜೋಡಿಸಿ, ವಿಡಿಯೋ ಹಚ್ಚಿದ. ಪೆಟ್ಟಿಗೆಯೊಳಗಿನ ಫ್ಯಾನು ಗುರ್ರೆಂದು ಅಲೆಗಳನ್ನೆಲ್ಲ ನುಂಗಿಬಿಟ್ಟಿತು.

"ಇದೇನ್ರೀ, ಸರೋವರ ತರ್ತೀನಿ ಅಂದು ಹಿಟ್ಟಿನ ಗಿರಣಿ ತಂದಿದ್ದೀರಲ್ಲ!"

"ಗಿರಣಿಯಾಗಿದ್ರೆ ಹಿಟ್ಟಾದ್ರೂ ಬೀಳ್ತಿತ್ತು. ಇದು ಬರೀ ಸೋಲಾರ್ ಬ್ಯಾಟರಿ ತಿನ್ನುತ್ತೆ."

ಶನಿವಾರ ಇಬ್ಬರೂ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದರು. ಲಿನಕ್ಸ್ ಮತ್ತು ಅಲೆಗಳ ವಿಡಿಯೋ ತುಂಬಿದ ಪೆನ್‌ಡ್ರೈವ್ ಖುಂಬೋನ ಜೇಬಲ್ಲೇ ಇತ್ತು. ಹಚ್ಚಿ ನೋಡದೆ ಕೊಳ್ಳುವವನಲ್ಲ ಅವನು. ಅಂಗಡಿಯ ಚವುಲಾ ಮಿರಿಮಿರಿ ಮಿಂಚುವ ಹೊಸದೊಂದನ್ನು ಮುಂದಿಟ್ಟ. ಚಿತ್ರ ಬಂತು, ದನಿ ಬರಲಿಲ್ಲ. ಅದರ ಸೌಂಡ್ ಚಿಪ್ಪಿಗೂ ಲಿನಕ್ಸಿಗೂ ಇನ್ನೂ ಪರಿಚಯವೇ ಆಗಿರಲಿಲ್ಲ.

"ನೋಡೋಕೆ ರಾಜಕುಮಾರ, ಬಾಯಲ್ಲಿ ಮಾತೇ ಇಲ್ಲ," ಎಂದಳು ಉಲೆಮು.

"ಮುಂದಿನ ವರ್ಷ ಕಲಿಯುತ್ತೆ ಬಿಡಮ್ಮ."

"ಹಂಗಾದ್ರೆ ಮುಂದಿನ ವರ್ಷವೇ ಬರ್ತೀವಣ್ಣ."

ಇನ್ನೊಂದು ಅಂಗೈಯಗಲದ್ದು. ದನಿ ಬಂತು, ಆದರೆ ಅದರ ಕಸುವು ಸಾಲದೆ ನೀರು ತಡೆತಡೆದು ಹರಿಯಿತು. ಕೊನೆಗೆ ಖುಂಬೋ ಮೂಲೆಯಿಂದ ಧೂಳು ಹಿಡಿದ ತೆಳ್ಳನೆಯ ಪೆಟ್ಟಿಗೆಯೊಂದನ್ನು ಎಳೆದ. ಯಾವುದೋ ಕಚೇರಿಯಿಂದ ಬಂದದ್ದು, ಫ್ಯಾನೇ ಇಲ್ಲ. ಬಿಸಿಯೆಲ್ಲ ಮೈಮೇಲಿನ ಅಲ್ಯೂಮಿನಿಯಂ ಏಣುಗಳಿಂದಲೇ ಹೊರಗೆ. ಉಲೆಮು ಕಿವಿಯಿಟ್ಟು ಕೇಳಿದಳು.

"ಅಯ್ಯೋ, ಇದಕ್ಕೆ ಜೀವವೇ ಇಲ್ಲ."

"ಓಡ್ತಾ ಇದೆ ಕಣೆ. ಟಿವಿ ನೋಡು."

ಚಿತ್ರ, ದನಿ, ರಿಮೋಟು, ಎಲ್ಲವೂ ಲಿನಕ್ಸಿಗೆ ಒಗ್ಗಿದ್ದವು. ಖುಂಬೋನ ಮುಖ ಅರಳಿತು.

ಅದನ್ನೇ ಕೊಂಡು ತಂದು, ಸಂಜೆ ಮನೆಯಲ್ಲಿ ಕಿಟಕಿಯ ಪರದೆ ಎಳೆದು, ಚಾಪೆ ಹಾಸಿ, ವಿಡಿಯೋ ಹಚ್ಚಿದರು. ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ. ಅಲೆಯೊಂದು ಮೆಲ್ಲಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ಗೋಡೆಗಳು ಎಲ್ಲಿಗೋ ಹೋದವು. ಉಲೆಮು ಕಣ್ಣು ಮುಚ್ಚಿದಳು. ಒದ್ದೆಯಾದೀತೆಂಬಂತೆ, ಸೊಂಟಕ್ಕೆ ಸುತ್ತಿದ್ದ ಚಿಟೆಂಜೆ ಬಟ್ಟೆಯ ಅಂಚನ್ನು ಮೇಲಕ್ಕೆಳೆದುಕೊಂಡಳು. ಆಮೇಲೆ ಥಟ್ಟನೆ ಕಣ್ಣು ಬಿಟ್ಟಳು.

"ಇದು ನಮ್ಮನೆ ದಂಡೆ ಅಲ್ಲ!"

"ಅದು ಹೆಂಗೆ ಹೇಳ್ತೀಯೇ?"

"ನಮ್ಮಲ್ಲಿ ನೀರು ವಾಪಸ್ ಹೋಗುವಾಗ ಗುಂಡುಕಲ್ಲು ಉರುಳ್ತಾವೆ. ಇದು ಬರೀ ಮರಳು."

ಅಲ್ಲಿಂದಲೇ ತಮ್ಮನಿಗೆ ಫೋನು ಹಚ್ಚಿದಳು. ಲಿಂಬಾನಿ ಕಿಸಕ್ಕನೆ ನಕ್ಕ. "ನಾನೀಗ ಇರೋದು ಪೇಟೆ ಕಡೆ, ಹಳೇ ಮನೆವರೆಗೆ ಯಾರಕ್ಕ ನಡೀತಾರೆ? ದೋಣಿ ಕಟ್ಟೋ ಜಾಗದಲ್ಲೇ ಕೂತು ಮಾಡ್ದೆ. ನೀರು ಒಂದೇ ಅಲ್ವಾ?"

"ಸೋಮಾರಿ ಮುಂಡೇದೆ!" ಎಂದು ಬೈದು ಅವಳೂ ನಕ್ಕಳು.

"ಆರಿಸ್ಲಾ?" ಎಂದ ಖುಂಬೋ.

"ಬೇಡ, ಇರಲಿ. ಈ ದೋಣಿ ದಂಡೇಲಿ ನಾನು ಒಂದು ದಿನಾನೂ ಸುಮ್ಮನೆ ಕೂತಿಲ್ಲ, ಇವತ್ತು ಕೂರ್ತೀನಿ."

ಖುಂಬೋ ಅವಳ ಪಕ್ಕ ಒರಗಿದ. ಗುಡ್ಡದಲ್ಲೇ ಬೆಳೆದ ಅವನಿಗೆ ಈಜು ಬಾರದು. ಚಾಪೆ ನೆಲದಿಂದ ಬಿಟ್ಟುಕೊಂಡು ತೇಲಿದಂತಾಗಿ, ಅವನು ಹೆಂಡತಿಯ ಕೈ ಹಿಡಿದುಕೊಂಡ.