ಒಡೆಟ್ಟಾಳ ಹಾಳೆಯಲ್ಲಿ ಲೂಷಸನ ಸಹಿ

ಷಿಕಾಗೋದ ಮೇಯರ್ ಚುನಾವಣೆಯ ಮತಪತ್ರದಲ್ಲಿ ಪಕ್ಷವಿಲ್ಲ, ಚಿಹ್ನೆಯಿಲ್ಲ, ಬರೀ ಹೆಸರು. ಹಾಗಾಗಿ ಒಡೆಟ್ಟಾ ಪ್ರೂಯಿಟ್ ನಿಲ್ಲುತ್ತಾಳೆಂದು ಕೇಳಿದಾಗ ವರ್ಲೀನ್ ಟೇಟ್‌ಗಾದ ಸಂಕಟವನ್ನು ಯಾವ ಪಕ್ಷದ ತಲೆಗೂ ಕಟ್ಟುವಂತಿರಲಿಲ್ಲ. ಅದು ಶುದ್ಧ ಹೊಟ್ಟೆಕಿಚ್ಚು. ಇಬ್ಬರೂ ಒಂದೇ ಬೀದಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದವರು. ಬೀದಿಯ ಸಂಘ ಕಟ್ಟಿದವಳು ವರ್ಲೀನ್, ಹೊತ್ತಿಗೆ ಸರಿಯಾಗಿ ಹಿಮ ಎತ್ತಿಸಿದವಳು ವರ್ಲೀನ್. ಪೇಪರಿನಲ್ಲಿ ಫೋಟೋ ಬಂದದ್ದು ಮಾತ್ರ ಒಡೆಟ್ಟಾಳದು. ಉರಿಯದೆ ಇರುತ್ತದೆಯೇ ಹೇಳಿ?

ವರ್ಲೀನ್ ಒಡೆಟ್ಟಾಳ ಎದುರಾಳಿಯ ಕಡೆ ಸೇರಿ ಮನೆಮನೆ ಸುತ್ತಿ ಮತದಾರರ ಬೆಂಬಲದ ಸಹಿ ಕೂಡಿಸಿದಳು. ಈಗ ಚುನಾವಣಾ ಕಚೇರಿಯಲ್ಲಿ ಕೂತು ಒಡೆಟ್ಟಾ ಕೂಡಿಸಿದ ಸಹಿಗಳಲ್ಲಿ ತಪ್ಪು ತೋರಿಸಿ ಒಂದೊಂದಾಗಿ ಹೊಡೆದುಹಾಕಿಸುತ್ತಿದ್ದಳು. ಹನ್ನೆರಡೂವರೆ ಸಾವಿರ ಸರಿಯಾದ ಸಹಿ ಉಳಿಯದಿದ್ದರೆ ಒಡೆಟ್ಟಾಳ ಹೆಸರು ಮತಪತ್ರಕ್ಕೆ ಬರುವುದಿಲ್ಲ.

ಎದುರಿಗೆ ಒಡೆಟ್ಟಾಳೇ ಬಂದು ಕೂತಳು. "ಏನೇ ವರ್ಲೀನ್, ಲೂಷಸ್ ಮಂಡಿ ಈಗ ಹೇಗಿದೆ?"

ತನ್ನ ಗಂಡನ ಮಂಡಿಯ ಸುದ್ದಿ ಇವಳಿಗೇಕೆ? ವರ್ಲೀನ್ ಮುಂದಿನ ಹಾಳೆ ಎಳೆದುಕೊಂಡಳು.

ಕೊನೆಯ ಹಾಳೆ ಅವರ ಬೀದಿಯದೇ. ಅಷ್ಟು ಹೊತ್ತಿಗೆ ಒಡೆಟ್ಟಾಳಿಗೆ ಬೇಕಾದಷ್ಟೇ ಉಳಿದಿತ್ತು. ಇನ್ನೊಂದು ಸಹಿ ಬಿದ್ದುಹೋದರೆ ಅವಳ ಕಥೆ ಮುಗಿಯಿತು. ಒಂಬತ್ತನೆಯ ಸಾಲಿನಲ್ಲಿ ಲೂಷಸ್ ಟೇಟ್ ಎಂಬ ಹೆಸರು ಕಂಡಾಗ ವರ್ಲೀನ್ ಅದನ್ನು ಎರಡೆರಡು ಸಲ ಓದಿದಳು. ಮರುಕ್ಷಣವೇ ಖುಷಿಯಾಯಿತು.

"ಇದು ನನ್ ಗಂಡನ ಹೆಸರು. ಅವನು ನಮ್ಮವರಿಗೆ ಸಹಿ ಹಾಕಿದಾನೆ. ಇದು ಸುಳ್ಳು ಸಹಿ, ಹೊಡೆದ್ಹಾಕಿ" ಎಂದು ತನ್ನ ಹಾಳೆಯ ಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದಳು.

ಗುಮಾಸ್ತೆ ಕೊವಾಲ್ ಎರಡನ್ನೂ ಮತದಾರರ ದಾಖಲೆಯಲ್ಲಿದ್ದ ಲೂಷಸನ ಸಹಿಯ ಪಕ್ಕ ಇಟ್ಟು ನೋಡಿದಳು. "ಮೇಡಂ, ಎರಡೂ ಅವರದೇ. ಒಬ್ಬರು ಒಬ್ಬರಿಗೇ ಸಹಿ ಹಾಕ್ಬೇಕು. ಇಬ್ಬರಿಗೆ ಹಾಕಿದ್ರೆ ಮೊದಲನೇದು ಉಳಿಯತ್ತೆ. ಒಡೆಟ್ಟಾ ಅವರದು ಸೆಪ್ಟೆಂಬರ್ ಹಾಳೆ. ನಿಮ್ದು ಅಕ್ಟೋಬರ್."

ಹೋಯಿತು. ಒಡೆಟ್ಟಾಳ ಹೆಸರು ಮತಪತ್ರದಲ್ಲಿ ಉಳಿಯಿತು, ಅದೂ ತನ್ನ ಗಂಡನ ಕೈಯಿಂದ, ತಾನೇ ಒದಗಿಸಿದ ಪುರಾವೆಯಿಂದ. ಒಡೆಟ್ಟಾ ನಗಲೂ ಇಲ್ಲ. ನಕ್ಕಿದ್ದರೆ ವರ್ಲೀನಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮನೆಯಲ್ಲಿ ಲೂಷಸ್ ಕಾಲನ್ನು ಸ್ಟೂಲಿನ ಮೇಲಿಟ್ಟು ಜೋಳದ ಬ್ರೆಡ್ ತಿನ್ನುತ್ತಿದ್ದ.

"ಅವಳಿಗೆ ಸಹಿ ಹಾಕಿದ್ಯಾ?"

"ಹಾಕ್ದೆ."

"ಮತ್ತೆ ನಂಗ್ಯಾಕೆ ಹಾಕ್ದೆ, ಮಾರಾಯ?"

"ನೀನು ಪೆನ್ನು ಕೈಗೆ ತುರುಕಿ ಹಾಕು ಅಂದೆ. ಬಾಯಿ ಬಿಡೋಕೆ ಬಿಟ್ಯಾ?"

"ಅವಳೇನು ಮಂತ್ರ ಹಾಕಿದ್ಲು?"

"ಕೂತ್ಕೊಂಡ್ಲು. ಮಂಡಿ ಹೇಗಿದೆ ಅಂತ ಕೇಳಿದ್ಲು." ಅವನು ಬ್ರೆಡ್ಡಿನ ಪುಡಿ ಒರೆಸಿಕೊಂಡ. "ಆಮೇಲೆ, ಈ ಬೀದಿ ಕಟ್ಟಿದ್ದು ವರ್ಲೀನ್, ಗೆದ್ರೆ ಮೊದಲು ಕರೆಯೋದು ಅವಳನ್ನೇ ಅಂದ್ಲು. ಅದಕ್ಕೇ ಹಾಕ್ದೆ."

ಇದನ್ನು ಕೇಳಿ ಉರಿ ಆರಬೇಕಿತ್ತು. ಆರಲಿಲ್ಲ, ಇನ್ನಷ್ಟು ಭಗ್ಗೆಂದಿತು. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ ಇರಬೇಕೇ?

ವರ್ಲೀನ್ ಕೋಟು ಬಿಚ್ಚದೆ ನಿಂತಿದ್ದಳು. ಗಂಡನ ಊದಿದ ಮಂಡಿ ಕಣ್ಣಿಗೆ ಬಿತ್ತು. ಹೇಗಿದೆ ಎಂದು ಕೇಳಲು ಬಾಯಿ ತೆರೆದಳು. ಆದರೆ ಅದನ್ನೂ ಒಡೆಟ್ಟಾ ಮೊದಲೇ ಕೇಳಿ ಹೋಗಿದ್ದಳು.