ಇಪ್ಪತ್ತು ಎಣಿಸುವಷ್ಟು ಮೌನ

ನಾನು ಒಂದು ಟೇಪ್ ರೆಕಾರ್ಡರ್. ಮೈಮೇಲೆ ಆರು ಗುಂಡಿ, ಅದರಲ್ಲೊಂದು ಕೆಂಪು. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ಮರೆತಿದ್ದೇನೆ. ನನ್ನನ್ನು ಜೋಡಿಸಿದ ಹುಡುಗಿ ಕೆಂಪು ಗುಂಡಿ ಒತ್ತಿ "ಹಲೋ, ಹಲೋ" ಎಂದದ್ದು ಮಾತ್ರ ನೆನಪಿದೆ.

ಗದಗಿನ ಒಂದು ಮದುವೆಗೆ ಉಡುಗೊರೆಯಾಗಿ ಹೋದೆ. ಆ ಮನೆಯಲ್ಲಿ ಹಾಡು ಹಾಡಿದೆ, ತೊಟ್ಟಿಲ ಕೂಸಿನ ಅಳು ಹಿಡಿದಿಟ್ಟೆ. ಟಿ.ವಿ. ಬಂದ ಮೇಲೆ ನನ್ನ ಮೇಲೆ ಇಸ್ತ್ರಿ ಬಟ್ಟೆ ಪೇರಿಸತೊಡಗಿದರು. ಕಡೆಗೆ ಮನೆಯ ಯಜಮಾನ ನನ್ನನ್ನು ತನ್ನ ಹಳೆಯ ಗುರುಗಳಿಗೆ ಕೊಟ್ಟುಬಿಟ್ಟ. ಹೀಗೆ ಹುಬ್ಬಳ್ಳಿಗೆ ಬಂದೆ.

ಗುರುಪಾದಪ್ಪ ಮಾಸ್ತರು ನಿವೃತ್ತರಾದ ಮೇಲೆ ವಾಚನಾಲಯದ ಮಾಳಿಗೆಯಲ್ಲಿ ಸಂಜೆ ಐದಕ್ಕೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಹೊಸಬರು ಬಂದರೆ ಮೊದಲು ನನ್ನ ಮುಂದೆ ಕೂರಿಸುವರು. ಇಂಗ್ಲಿಷಿನಲ್ಲೇ ಐದು ಪ್ರಶ್ನೆ. ಅಂದು ಕನ್ನಡ ಆಡುವಂತಿಲ್ಲ. ಉತ್ತರ ಬಾರದಿದ್ದರೆ ಮನಸ್ಸಿನಲ್ಲೇ ಇಪ್ಪತ್ತು ಎಣಿಸುವರು. ಆಮೇಲೂ ಮೌನವಾದರೆ ಎಬಿಸಿಡಿಯ ಮುಂದಿನ ಬೆಂಚು. ಅಲ್ಲಿ ಮೂರು ತಿಂಗಳು. ಒಳ್ಳೆಯ ಮನುಷ್ಯ. ಯಾರನ್ನೂ ಗದರಿದವರಲ್ಲ. ಆದರೆ ಮೌನ ಎಲ್ಲರದ್ದೂ ಒಂದೇ ಎಂದು ತಿಳಿದಿದ್ದರು.

ಮೇಜಿನ ಮೇಲಿದ್ದ ನನಗೆ ಹೊಸಬರ ಕೈಗಳು ಮಾತ್ರ ಕಾಣುತ್ತಿದ್ದವು. ಒಂದು ಸಂಜೆ ಹೊಸದಾಗಿ ಬಂದ ಫಕೀರವ್ವನ ಕೈಗಳು ಬಟ್ಟೆಯ ಚೀಲವನ್ನು ಅವುಚಿಕೊಂಡಿದ್ದವು. ಲಕ್ವ ಹೊಡೆದು ಗಂಡ ಹಾಸಿಗೆ ಹಿಡಿದ ಮೇಲೆ ಅವಳು ಅವನನ್ನು ಕರೆದುಕೊಂಡು ನವಲಗುಂದದ ಕಡೆಯಿಂದ ಈ ಊರಿಗೆ ಬಂದಿದ್ದಳು. ಆಸ್ಪತ್ರೆಯೊಂದರ ಔಷಧಿ ಕೋಣೆಯಲ್ಲಿ ಕೆಲಸವಿತ್ತು. ಬರುವ ಒಂದನೇ ತಾರೀಖಿಗೆ ವೈದ್ಯರ ಚೀಟಿ ಓದಿ ತೋರಿಸಿದರೆ ಅವಳಿಗೆ, ಇಲ್ಲವಾದರೆ ಬೇರೆಯವರಿಗೆ. ಉಳಿದದ್ದು ಒಂದೇ ತಿಂಗಳು.

ಮಾಸ್ತರು ಹೆಸರು ಕೇಳಿದರು. ಹೇಳಿದಳು. ಗಂಡನ ಹೆಸರು ಕೇಳಿದರು.

ಕೈಗಳು ಚೀಲವನ್ನು ಬಿಗಿಯಾಗಿ ಹಿಡಿದವು. ಉಸಿರು ಮೇಲೆ ಬಂತು, ತುಟಿಯ ತನಕ ಬಂದು ನಿಂತಿತು. ನಾನು ಸುತ್ತುತ್ತಲೇ ಇದ್ದೆ. ಗೊತ್ತಿಲ್ಲದವರ ಮೌನ ಸಡಿಲವಾಗಿರುತ್ತದೆ, ಇದು ಹಾಗಿರಲಿಲ್ಲ. ಇಪ್ಪತ್ತಾಯಿತು. ಮಾಸ್ತರು ಉಳಿದ ಪ್ರಶ್ನೆ ಕೇಳದೆ ಮುಂದಿನ ಬೆಂಚು ತೋರಿಸಿ, ಸೀಮೆಸುಣ್ಣ ತರಲು ಎದ್ದರು. ನನ್ನನ್ನು ನಿಲ್ಲಿಸಲು ಮರೆತರು.

ಹನ್ನೆರಡು ದಿನ ಫಕೀರವ್ವ ಎ ತಿದ್ದಿದಳು, ಬಿ ತಿದ್ದಿದಳು. ಗುರುಗಳು ಹೇಳಿದ ಮೇಲೆ ಎದುರಾಡುವ ಪೈಕಿ ಅಲ್ಲ ಅವಳು.

ಆಮೇಲೆ ಬಂದ ಭಾನುವಾರ ಮಾಸ್ತರು ಹೊಸಬರಿಗಾಗಿ ಅದೇ ಕ್ಯಾಸೆಟ್ ಅಳಿಸಲು ನನ್ನನ್ನು ಮನೆಗೊಯ್ದು ತೆರೆದು ಕೂತರು. ಅಳಿಸುವ ಮುಂಚೆ ಒಮ್ಮೆ ಕೇಳುವ ರೂಢಿ. ಮೌನ ಬಂದಾಗ ಬೇಗ ಮುಂದೆ ಓಡಿಸುವರು. ಆದರೆ ಅಂದು ಅವರ ಕೈಗೆ ಕಿತ್ತಳೆಯ ರಸ ಹತ್ತಿತ್ತು; ನಾನು ನನ್ನ ಪಾಡಿಗೆ ಓಡಿದೆ. ಮೌನ ಮುಗಿದು, ಅಲ್ಲೇ ಕಲಿಯಲು ಬರುತ್ತಿದ್ದ, ಪಕ್ಕದಲ್ಲಿ ಕೂತ ಪೊಲೀಸ್ ಪೇದೆಯೊಡನೆ ಫಕೀರವ್ವ ಪಿಸುಗುಟ್ಟಿದ್ದು ಹೊರಗೆ ಬಂತು:

"ಅವರ ಹೆಸರ ನಾ ಬಾಯಿಲೆ ಹೆಂಗ ತಗೊಳ್ಳಲ್ರಿ ಯಣ್ಣಾ? ಬರದ ಕೊಡು ಅಂದಿದ್ರ ಇಂಗ್ಲಿಷಿನ್ಯಾಗ ಬರದ ಕೊಡ್ತಿದ್ನಿ."

ರೊಟ್ಟಿ ಬಡಿಯುತ್ತಿದ್ದ ಬಸಲಿಂಗವ್ವ, ಮಾಸ್ತರ ಹೆಂಡತಿ, ಕೈ ನಿಲ್ಲಿಸಿದರು.

"ಗಂಡನ ಹೆಸರ ಕೇಳೀರೇನ್ರಿ ಆ ಹೆಣ್ಮಗಳಿಗೆ?"

"ಇಂಗ್ಲಿಷಿನ್ಯಾಗ ಕೇಳೇನಿ."

"ಇಂಗ್ಲಿಷಿನ್ಯಾಗ ಕೇಳಿದ್ರ ಅಂವಾ ಆಕೀ ಗಂಡ ಅಲ್ಲೇನು? ಮೂವತ್ತೆರಡ ವರ್ಷಾತು ನಿಮ್ಮ ಕೂಡ ಬಾಳೇವು ಮಾಡಾಕತ್ತು. ನಿಮ್ಮ ಹೆಸರ ಒಮ್ಮೆರ ನನ್ನ ಬಾಯಾಗ ಕೇಳೀರಿ? ನನ್ನೂ ಒಯ್ದು ಮುಂದಿನ ಬೆಂಚಿಗೆ ಕುಂದ್ರಸ್ರಿ!"

ಮಾಸ್ತರು ನಗಲಿಲ್ಲ. ಕಿತ್ತಳೆ ತೊಳೆ ಕೈಯಲ್ಲೇ ಉಳಿಯಿತು.

ಮರುದಿನ ಅವರು ಕೆಂಪು ಗುಂಡಿ ಒತ್ತಲಿಲ್ಲ. ಕನ್ನಡದಲ್ಲೇ ಕೇಳಿದರು: "ತಂಗೀ, ನಿನಗ ಏನ್ ಓದಾಕ ಬೇಕಾಗೈತಿ?"

ಫಕೀರವ್ವ ಚೀಲ ಬಿಚ್ಚಿದಳು. ಗುಳಿಗೆಯ ಹಾಳೆಗಳು, ಡಬ್ಬಿಗಳು, ವೈದ್ಯರ ಚೀಟಿಗಳು. ಅಚ್ಚಾದದ್ದನ್ನೆಲ್ಲ ತಡವರಿಸದೆ ಓದಿದಳು. ನಾಲ್ಕು ವರ್ಷ ಗಂಡನಿಗೆ ಗುಳಿಗೆ ಕೊಟ್ಟು ಕಲಿತದ್ದು. ಕೈಬರಹದ ಚೀಟಿ ಬಂದಾಗ ನಿಂತಳು. "ಇದು ಇರಿವಿ ಹರದಂಗ ಕಾಣತೈತ್ರಿ." ಅವಳಿಗೆ ಬೇಕಾದದ್ದು ಅಷ್ಟೇ. ಅದನ್ನು ಕೇಳಲು ಹನ್ನೆರಡು ದಿನ ಹಿಡಿದಿತ್ತು.

ಮುತ್ತಿನಂಥ ಅಕ್ಷರಕ್ಕೆ ಹೆಸರಾದ ಮಾಸ್ತರು ಅಂದಿನಿಂದ ಅವಳಿಗೆ ಓದಿ ರೂಢಿಯಾಗಲೆಂದು ವೈದ್ಯರಂತೆ ಕೆಟ್ಟದಾಗಿ ಬರೆಯಲು ಕೂತರು. ಎಷ್ಟು ಗೀಚಿದರೂ ಅಕ್ಷರ ದುಂಡಗೇ ಬೀಳುತ್ತಿತ್ತು. "ನನ್ನ ಕೈಲೆ ಬರಸ್ರಿ ಸರ," ಎಂದ ಪೇದೆ. "ನಾ ಬರದ ಪಂಚನಾಮಾ ನಮ್ಮ ಸಾಹೇಬರಿಗೇ ತಿಳಿಯಂಗಿಲ್ಲ." ತರಗತಿಯವರೆಲ್ಲ ಪೈಪೋಟಿಯಿಂದ ಕೆಟ್ಟ ಚೀಟಿ ಬರೆದುಕೊಟ್ಟರು. ಆ ಮಾಳಿಗೆಯಲ್ಲಿ ಅಷ್ಟು ನಗು ನಾನು ಮತ್ತೆ ಕೇಳಲಿಲ್ಲ.

ಒಂದನೇ ತಾರೀಖು ಅವಳು ಬರಲಿಲ್ಲ. ಮಾಸ್ತರು ಮೆಟ್ಟಿಲ ಕಡೆಗೇ ಕಿವಿ ಇಟ್ಟಿದ್ದರು. ಎರಡನೆಯ ದಿನ ಬಂದಳು.

"ಹತ್ತ ಚೀಟಿ ಕೊಟ್ರು ಸರ. ಒಂಬತ್ತು ಓದಿದ್ನಿ. ಒಂದು ತಿಳೀಲಿಲ್ಲ. ಅಂದಾಜಲೆ ಗುಳಿಗಿ ಕೊಡೂದಿಲ್ರಿ, ಡಾಕ್ಟರ್ನ ಕೇಳಿ ಬರ್ತೇನಿ ಅಂದ್ನಿ. ಅದಕ್ಕಽ ಕೆಲಸಕ್ಕ ಇಟಗೊಂಡ್ರು."

ಅವಳು ಹೋದ ಮೇಲೆ ಮಾಸ್ತರು ಕಪಾಟಿನಲ್ಲಿ ಅಳಿಸದೆ ಉಳಿದಿದ್ದ ಹಳೆಯ ಕ್ಯಾಸೆಟ್ಟುಗಳನ್ನು ತೆಗೆದರು. ಕೆಲವು ದಿನ ತರಗತಿಗೆ ಮುಂಚೆ ಒಬ್ಬರೇ ಬಂದು ಕೇಳುವರು. ಉತ್ತರಗಳನ್ನು ಓಡಿಸಿಬಿಡುವರು; ಮೌನ ಬಂದಲ್ಲಿ ನಿಲ್ಲುವರು. ಹತ್ತು ದಿನ ಮುಂದಿನ ಬೆಂಚಿನಲ್ಲಿ ಕೂತು ಮತ್ತೆ ಬಾರದವರ ಮೌನಗಳು. ಒಬ್ಬ ಮುದುಕನ ಕೆಮ್ಮು. ಯಾರದೋ ಬಳೆಯ ಸದ್ದು. "ಇವರಿಗೆ ಏನ್ ಬೇಕಾಗಿತ್ತೋ," ಎಂದು ಒಮ್ಮೆ ನನಗೇ ಹೇಳಿದರು. ನಾನು ಹಿಡಿದದ್ದನ್ನು ತಿರುಗಿ ನುಡಿಯಬಲ್ಲೆ, ಅಷ್ಟೇ. ಹಿಡಿಯದೆ ಹೋದದ್ದನ್ನು ಎಲ್ಲಿಂದ ತರಲಿ?

ಆಮೇಲೆ ಹೊಸಬರ ಮುಂದೆ ನನ್ನನ್ನು ಇಡಲೇ ಇಲ್ಲ. ನನ್ನೊಳಗಿನ ರಬ್ಬರ್ ಪಟ್ಟಿ ಹರಿಯಿತು, ಯಾರೂ ರಿಪೇರಿಗೆ ಒಯ್ಯಲಿಲ್ಲ. ಮಾಸ್ತರು ತೀರಿಹೋಗಿ ಆರು ವರ್ಷವಾಯಿತು. ಈಗ ಮೆಹರುನ್ನೀಸಾ ಎಂಬ ಹೆಣ್ಣುಮಗಳು ಕಲಿಸುತ್ತಾಳೆ. ನಾನು ಕಪಾಟಿನ ನೆತ್ತಿಯ ಮೇಲೆ, ಧೂಳಿನಲ್ಲಿ. ಇಲ್ಲಿಂದ ಮೊದಲ ಸಲ ಜನರ ಮುಖಗಳು ಕಾಣುತ್ತವೆ.

ನಿನ್ನೆ ಗೋಡೆ ಕಟ್ಟುವ ಗೌಂಡಿಯೊಬ್ಬ ಬಂದಿದ್ದ. "ಏನ್ ಓದಬೇಕಾಗೈತ್ರೀ ಕಾಕಾ?" ಎಂದು ಮೆಹರುನ್ನೀಸಾ ಕೇಳಿದಳು. ಅವನು ತಲೆ ತಗ್ಗಿಸಿ ಕೂತ. ಅವಳು ಎಣಿಸಲಿಲ್ಲ. ಕಿಟಕಿಯ ಬಿಸಿಲು ಒಂದು ಬೆಂಚಿನಿಂದ ಇನ್ನೊಂದಕ್ಕೆ ಸರಿಯಿತು. ನನ್ನ ಕೆಂಪು ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಆದರೂ ಅವನು ಬಾಯಿ ತೆರೆಯುವ ತನಕ ನಾನೂ ಕಾದೆ.